ಎರಡು ಡಬ್ಬಿ ಎಣ್ಣೆ, ಒಬ್ಬ ಕಾಂಪೌಂಡರ್

ಕಾಂಪೌಂಡರ್ ನನ್ನ ಅಂಗಡಿಗೆ ಮೊದಲ ಸಲ ಬಂದಾಗ ಎಂಜಿನ್ ಆಯಿಲಿನ ಡಬ್ಬಿಯನ್ನು ಬೆಳಕಿಗೆ ಹಿಡಿದು, ನಾಲ್ಕು ಸಲ ಅಲ್ಲಾಡಿಸಿ, ತಳದಲ್ಲಿ ಗಸಿ ನಿಂತಿದೆಯೇ ಎಂದು ನೋಡಿದರು. ಆ ಡಬ್ಬಿಯೊಳಗೆ ಸೂರ್ಯನೇ ಇಳಿದರೂ ಏನೂ ಕಾಣಿಸುವುದಿಲ್ಲ ಎಂದು ನಾನು ಹೇಳಲಿಲ್ಲ. ಗಿರಾಕಿ ನೋಡುತ್ತೇನೆಂದರೆ ನೋಡಲು ಬಿಡುವುದು ನನ್ನ ವ್ಯಾಪಾರದ ಮೊದಲ ಪಾಠ. ಆಮೇಲೆ ಅವರು ಕೇಳಿದ ಪ್ರಶ್ನೆಗೆ ಮಾತ್ರ ನನ್ನ ಇಪ್ಪತ್ತಾರು ವರ್ಷದ ವ್ಯಾಪಾರದಲ್ಲಿ ಪಾಠ ಇರಲಿಲ್ಲ. "ಇದರ ಎಕ್ಸ್‌ಪೈರಿ ಎಲ್ಲಿ ಬರೆದಿದೆ?"

ನಲವತ್ತು ವರ್ಷ ಒಬ್ಬ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ನಿಂತು ಮಿಕ್ಸ್ಚರ್ ಕಲಸಿದ ಮನುಷ್ಯ ಅವರು. ಕಂದು ಬಾಟಲಿ, ಅದರ ಮೈಗೆ ಕಚ್ಚು ಕಚ್ಚಾಗಿ ಕತ್ತರಿಸಿ ಅಂಟಿಸಿದ ಕಾಗದದ ಪಟ್ಟಿ, ಒಂದು ಕಚ್ಚಿಗೆ ಒಂದು ಡೋಸು. ಒಂದು ತೊಟ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಡಾಕ್ಟರು ತೀರಿಕೊಂಡರು, ಕ್ಲಿನಿಕ್ಕಿನ ಜಾಗದಲ್ಲಿ ಮೊಬೈಲ್ ರಿಪೇರಿ ಬಂತು. ಕಾಂಪೌಂಡರ್ ಎಂಬ ಹೆಸರು ಮಾತ್ರ ಅವರ ಜೊತೆ ಮನೆಗೆ ಹೋಯಿತು.

ಮನೆಯಲ್ಲಿ ಅವರು ಮತ್ತು ಅವರ ಅಕ್ಕ, ಇಬ್ಬರೇ. ತಾಯಿ ಹೋದ ಮೇಲೆ ತಮ್ಮನನ್ನು ಸಾಕಿದವರು ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಈಗಲೂ ಮಾತಾಡಿದರೆ ಮೂರು ನಿಮಿಷದಲ್ಲಿ ಲೈನು ಕಟ್ಟಾಗುತ್ತದೆ ಎಂಬಂತೆ ಚುಟುಕಾಗಿ ಮಾತಾಡುತ್ತಾರೆ. ಕಾರು ಅಕ್ಕನದೇ, ಹದಿನಾಲ್ಕು ವರ್ಷದ್ದು. ಮೂತ್ರಪಿಂಡ ಕೈಕೊಟ್ಟ ಮೇಲೆ ಕೀಲಿಯನ್ನು ತಮ್ಮನ ಕೈಗಿಟ್ಟರು. ಅರವತ್ತೊಂದರ ವಯಸ್ಸಿನಲ್ಲಿ ಕಾಂಪೌಂಡರ್ ಡ್ರೈವಿಂಗ್ ಕಲಿತರು. ಮಂಗಳವಾರ, ಶುಕ್ರವಾರ, ಬೆಳಗ್ಗೆ ಆರಕ್ಕೆ ಅಕ್ಕ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿರಬೇಕು. ಆರಕ್ಕೆ ಅಂದರೆ ಆರಕ್ಕೇ. ತಡವಾದರೆ ಯಂತ್ರವೇನೂ ಕಾಯುವುದಿಲ್ಲ, ಹತ್ತು ಗಂಟೆಗೆ ಮುಂದಿನವರು ಬಂದು ನಿಂತಿರುತ್ತಾರೆ.

ಹಾಗಾಗಿ ಆ ಕಾರು ಕಾಂಪೌಂಡರಿಗೆ ಕಾರಲ್ಲ, ಅಕ್ಕನ ಇನ್ನೊಂದು ಅಂಗ. ಅದಕ್ಕೆ ಏನು ಕುಡಿಸಬೇಕು ಎಂಬಲ್ಲಿಂದ ತಲೆನೋವು ಹತ್ತಿತು.

ಹತ್ತಿಸಿದವನು ಪಕ್ಕದ ಶೆಡ್ಡಿನ ಮೆಕ್ಯಾನಿಕ್. ಆಯಿಲ್ ಬದಲಿಸುವ ಹೊತ್ತಾಯಿತು, ಸಿಂಥೆಟಿಕ್ಕೋ ಮಾಮೂಲಿಯೋ ಯಾವುದಾದರೂ ತನ್ನಿ, ಹಾಕಿಕೊಡ್ತೀನಿ ಎಂದನಂತೆ. 'ಯಾವುದಾದರೂ' ಎಂಬ ಮಾತನ್ನು ಕಾಂಪೌಂಡರ್ ಜೀವಮಾನದಲ್ಲಿ ಕೇಳಿದವರಲ್ಲ. ಔಷಧಿಯಲ್ಲಿ ಯಾವುದಾದರೂ ಎಂದು ಯಾರಾದರೂ ಬರೆಯುತ್ತಾರೆಯೇ? ಕಾರಿನ ಜೊತೆ ಬಂದ ಪುಸ್ತಕವನ್ನು ತೆರೆದರು. ಅದು ದಪ್ಪ ತೆಳುವಿನ ನಂಬರು ಹೇಳಿ, ಆ ದರ್ಜೆಯ ಎರಡರಲ್ಲಿ ಯಾವುದೂ ಆಗಬಹುದು ಎಂದು ಕೈತೊಳೆದುಕೊಂಡಿತ್ತು. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಟ್ಯಾಕ್ಸಿಯವರನ್ನು ಕೇಳಿದರು. ಒಬ್ಬ, ಹಳೇ ಎಂಜಿನ್ನಿಗೆ ಸಿಂಥೆಟಿಕ್ ಹಾಕಿದರೆ ಸೀಲುಗಳೆಲ್ಲ ಸೋರುತ್ತವೆ ಎಂದ. ಇನ್ನೊಬ್ಬ, ಮಾಮೂಲಿ ಹಾಕಿದರೆ ಚಳಿಯ ಬೆಳಗ್ಗೆ ಎಂಜಿನ್ ಎದ್ದೇಳುವುದೇ ಇಲ್ಲ ಎಂದ. ಮೂರನೆಯವನು ತಾನು ಎರಡನ್ನೂ ಹಾಕಿ ನೋಡಿದ್ದೇನೆ, ಎರಡೂ ಎಣ್ಣೆಯೇ ಎಂದ. ಕಾಂಪೌಂಡರಿಗೆ ಅತಿ ಹೆಚ್ಚು ಭಯ ಹುಟ್ಟಿಸಿದ್ದು ಈ ಮೂರನೆಯವನು.

ಕೊನೆಗೆ ನನ್ನನ್ನು ಕೇಳಿದರು. ನಾನು ಏನು ಹೇಳಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಮೊದಲ ವಾರ ಸಿಂಥೆಟಿಕ್ ಅಂದರೆ ಅಮೃತ ಎಂದೆ, ಆ ವಾರ ಅದರ ಸ್ಟಾಕು ಜಾಸ್ತಿ ಇತ್ತು. ಮುಂದಿನ ವಾರ ಮಾಮೂಲಿಯ ಪೆಟ್ಟಿಗೆಗಳು ಬಂದು ಇಳಿದವು, ಹಳೇದು ಹಳೇದೇ ಕಾಂಪೌಂಡರ್ರೇ ಎಂದೆ. ಅವರು ಎರಡನ್ನೂ ಪುಟ್ಟ ನೋಟುಬುಕ್ಕಿನಲ್ಲಿ ತಾರೀಖು ಸಮೇತ ಬರೆದುಕೊಂಡರು. ಗಿರಾಕಿ ನೋಟುಬುಕ್ಕು ತೆಗೆದರೆ ಅಂಗಡಿಯವನು ಬಾಯಿ ಮುಚ್ಚಬೇಕು ಎಂಬ ಬುದ್ಧಿ ನನಗೆ ಆಗ ಹೊಳೆಯಲಿಲ್ಲ.

ಮನೆಯಲ್ಲಿ ಅಕ್ಕ ಆಡಿಕೊಳ್ಳುತ್ತಿದ್ದರಂತೆ. ಮದುವೆಯ ಕಾಲದಲ್ಲೂ ಇವನು ಹೀಗೇ ಅಳೆದೂ ಸುರಿದೂ ಕೂತ. ನೋಡಿದ್ದ ಎರಡು ಹೆಣ್ಣುಗಳೂ ಬೇರೆಯವರನ್ನು ಕಟ್ಟಿಕೊಂಡು ಈಗ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ ಎಂದು. ಅವರೇ ಒಮ್ಮೆ ನನ್ನ ಅಂಗಡಿಯ ಮುಂದೆ ಕಾರಿನ ಗಾಜು ಇಳಿಸಿ ಹೇಳಿದರು: "ವಾರಕ್ಕೆ ಎರಡು ಸಲ ನನ್ನ ರಕ್ತಾನೇ ಶೋಧಿಸಿ ಹಾಕ್ತಾರಪ್ಪ. ಈ ಕಾರಿನ ಎಣ್ಣೆ ಬದಲಾಯಿಸೋಕೆ ಇವನಿಗೆ ಮೂರು ತಿಂಗಳು ಬೇಕಂತೆ."

ನಿರ್ಧಾರ ಆಗುವ ತನಕ ಎಂಜಿನ್ ಬರಿದಾಗಬಾರದಲ್ಲ? ಕಾಂಪೌಂಡರ್ ಹಾವೂ ಸಾಯದ, ಕೋಲೂ ಮುರಿಯದ ದಾರಿ ಹಿಡಿದರು. ಎರಡರದ್ದೂ ಅರ್ಧ ಲೀಟರಿನ ಒಂದೊಂದು ಡಬ್ಬಿ ಕೊಂಡರು. ಹತ್ತು ವಾರದಲ್ಲಿ ಮತ್ತೊಂದೊಂದು ಡಬ್ಬಿ. ಪಾಪ, ಎಂಜಿನ್ ಎಣ್ಣೆ ಕುಡಿಯುತ್ತಿದೆ ಎಂದುಕೊಂಡು ನಾನು ಮಾರಿದೆ. ಹಳೇ ಎಂಜಿನ್ನುಗಳು ಕುಡಿಯುತ್ತವೆ. ಕುಡಿಯುವವರ ಬಗ್ಗೆ ವಿಚಾರಣೆ ಮಾಡಿದರೆ ನನ್ನಂಥವನ ಅಂಗಡಿ ನಡೆಯುತ್ತದೆಯೇ?

ಆಮೇಲೆ ಒಂದು ಮಂಗಳವಾರ ಬಂತು. ಬೆಳಗಿನ ಐದೂವರೆಗೆ, ಸೇತುವೆ ದಾಟುವಾಗ, ಕಾರಿನ ಹಿಂದೆ ನೀಲಿ ಹೊಗೆ ಎದ್ದಿತು. ಮೊದಲು ಸ್ವಲ್ಪ, ಆಮೇಲೆ ಹಿಂದಿನ ರಸ್ತೆಯೇ ಕಾಣಿಸದಷ್ಟು. ಕಾಂಪೌಂಡರ್ ಬದಿಗೆ ನಿಲ್ಲಿಸಿದರು, ನಿಂತ ಕಾರು ಮತ್ತೆ ಹೊರಡಲಿಲ್ಲ. ಆ ಹೊತ್ತಿನಲ್ಲಿ ಟ್ಯಾಕ್ಸಿ ಸಿಕ್ಕಿದ್ದು ಒಂದೂವರೆ ಗಂಟೆ ಕೈ ಅಡ್ಡ ಹಿಡಿದ ಮೇಲೆ. ಅಕ್ಕ ಯಂತ್ರದ ಪಕ್ಕ ಮಲಗಿದಾಗ ಏಳೂವರೆ. ನಾಲ್ಕು ಗಂಟೆಯ ಬದಲು ಎರಡೂವರೆ ಗಂಟೆ ಮಾತ್ರ ಸಿಕ್ಕಿತು. ಮರುದಿನ ಅವರ ಪಾದ ಊದಿ ಚಪ್ಪಲಿಯಲ್ಲಿ ಹಿಡಿಸಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಕುರ್ಚಿಯಲ್ಲಿ ಕೂತೇ ಇದ್ದರು. ಶುಕ್ರವಾರದ ಪಾಳಿ ತಪ್ಪಿದರೆ ಏನಾಗುತ್ತದೆ ಎಂದು ನರ್ಸು ಬಾಯಿಬಿಟ್ಟು ಹೇಳಲಿಲ್ಲ, ಕಾಂಪೌಂಡರಿಗೆ ಹೇಳಬೇಕಾಗಿಯೂ ಇರಲಿಲ್ಲ.

ಗುರುವಾರ ಮಧ್ಯಾಹ್ನ ಕಾರನ್ನು ಎಳೆಸಿಕೊಂಡು ಶೆಡ್ಡಿಗೆ ಬಂದರು. ನಾನೂ ಹೋಗಿ ನಿಂತೆ. ಮೆಕ್ಯಾನಿಕ್ ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆಳೆದ, ಬಟ್ಟೆಯಲ್ಲಿ ಒರೆಸಿ ಮತ್ತೆ ಅದ್ದಿದ, ಮತ್ತೆ ಎಳೆದ. ಎಣ್ಣೆ ಮೇಲಿನ ಗುರುತನ್ನೂ ದಾಟಿ ಎರಡು ಬೆರಳು ನಿಂತಿತ್ತು.

"ಯಾವಾಗ ಅಳೀತಿದ್ರಿ ಇದನ್ನ?"

"ಆಸ್ಪತ್ರೆಗೆ ಮುಟ್ಟಿದ ತಕ್ಷಣ. ಎಂಜಿನ್ ಆಫ್ ಮಾಡಿದ ಕೂಡಲೇ, ತಪ್ಪದೆ."

ಆಸ್ಪತ್ರೆಯ ಪಾರ್ಕಿಂಗು ಇಳಿಜಾರು, ಎಣ್ಣೆ ಕಡ್ಡಿಯಿಂದ ಆಚೆಗೆ ಸರಿದಿರುತ್ತದೆ. ಓಡಿ ಬಂದ ಎಂಜಿನ್ನಿನಲ್ಲಿ ಎಣ್ಣೆ ಇನ್ನೂ ಮೇಲೆಲ್ಲ ಹರಡಿಕೊಂಡಿರುತ್ತದೆ, ಕೆಳಗಿಳಿಯಲು ಐದು ಹತ್ತು ನಿಮಿಷ ಬೇಕು. ಆಗ ಅದ್ದಿದರೆ ಕಡ್ಡಿ ಪ್ರತಿ ಸಲವೂ ಕಡಿಮೆ ಎಂದೇ ಹೇಳುತ್ತದೆ. ಕಾಂಪೌಂಡರ್ ಪ್ರತಿ ಸಲವೂ ಔಷಧಿ ಅಳೆಯುವ ಗಾಜಿನ ಲೋಟದಲ್ಲಿ ಎರಡು ಔನ್ಸ್ ಕುಡಿಸಿದ್ದರು. ಮಂಗಳವಾರ ಸಿಂಥೆಟಿಕ್, ಶುಕ್ರವಾರ ಮಾಮೂಲಿ. ಯಾರಿಗೂ ಅನ್ಯಾಯ ಆಗಬಾರದೆಂದು. ನೋಟುಬುಕ್ಕಿನಲ್ಲಿ ಇಪ್ಪತ್ತು ಡೋಸು, ಒಂದರ ಕೆಳಗೊಂದು, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ.

ಮೆಕ್ಯಾನಿಕ್ ನಗಲಿಲ್ಲ. ಎರಡು ಜಾತಿ ಬೆರೆಸಿದ್ದರಿಂದ ಕೆಟ್ಟಿದ್ದಲ್ಲ, ಹೊಟ್ಟೆ ಬಿರಿಯುವಷ್ಟು ಕುಡಿಸಿದ್ದರಿಂದ ಎಂದ. ಅದೃಷ್ಟಕ್ಕೆ ಒಳಗೇನೂ ಮುರಿದಿಲ್ಲ, ಕಿಡಿ ಕೊಡುವ ಪ್ಲಗ್ಗುಗಳು ಎಣ್ಣೆಯಲ್ಲಿ ನೆಂದು ಕೂತಿವೆ ಅಷ್ಟೇ. ಅವನ್ನು ತೊಳೆದು, ಎಣ್ಣೆ ಎಲ್ಲ ಖಾಲಿ ಮಾಡಿ ಹೊಸದು ಹಾಕಿದರೆ ಸಂಜೆಗೆ ಓಡುತ್ತದೆ ಎಂದ. ಕಾಂಪೌಂಡರ್ ನೋಟುಬುಕ್ಕನ್ನೇ ನೋಡುತ್ತಿದ್ದರು.

"ನಲವತ್ತು ವರ್ಷ ಡೋಸು ಕೊಟ್ಟಿದ್ದೀನಿ. ಒಬ್ಬರಿಗೂ ಹೆಚ್ಚು ಮಾಡಿರಲಿಲ್ಲ" ಎಂದರು.

ಡಬ್ಬಿಗಳನ್ನು ಕೊಟ್ಟವನು ನಾನು. ಮೂರನೆಯ ಡಬ್ಬಿ ಕೊಡುವಾಗ, ಯಾಕೆ ಬೇಕು ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವವರನ್ನು ಕಂಡು ನಕ್ಕಿದ್ದೇನೆ, ನಾನು ಎಣ್ಣೆ ಮಾರುವಾಗ ಕಣ್ಣು ಮುಚ್ಚಿಕೊಂಡಿದ್ದೆ.

ತಳದ ತಿರುಪು ಬಿಚ್ಚಿದ ಕೂಡಲೇ ಕಪ್ಪು ಎಣ್ಣೆ ಬೋಗುಣಿಗೆ ಸುರಿಯಿತು. ಅದರಲ್ಲಿ ಯಾವುದು ಮಂಗಳವಾರದ್ದು, ಯಾವುದು ಶುಕ್ರವಾರದ್ದು ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ಎಂಜಿನ್ ಈಗ ಬರಿದು. ನಾನು ಅಂಗಡಿಯಿಂದ ಎರಡು ಬಗೆಯದೂ ಒಂದೊಂದು ದೊಡ್ಡ ಡಬ್ಬಿ ತಂದು ಬೆಂಚಿನ ಮೇಲಿಟ್ಟೆ. ಇನ್ನು ನಿರ್ಧಾರವನ್ನು ಮುಂದಕ್ಕೆ ಹಾಕುವಂತಿರಲಿಲ್ಲ. ಮೆಕ್ಯಾನಿಕ್ ಕೈ ಒರೆಸುತ್ತ ಕಾದ. ಕಾಂಪೌಂಡರ್ ಒಂದು ಡಬ್ಬಿ ಎತ್ತಿದರು, ಇಟ್ಟರು. ಇನ್ನೊಂದು ಎತ್ತಿದರು, ಇಟ್ಟರು. ಸೋರುವ ಸೀಲು, ಏಳದ ಎಂಜಿನ್, ಹತ್ತು ಬಾಯಿಯ ಹತ್ತು ಮಾತು ಎಲ್ಲ ಅವರ ಮುಖದ ಮೇಲೆ ಒಂದೊಂದಾಗಿ ಹಾದುಹೋದವು. ಕೊನೆಗೆ ಮನೆಗೆ ಫೋನ್ ಮಾಡಿದರು. ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿಕೊಂಡರು.

"ಅಕ್ಕಾ, ಸಿಂಥೆಟಿಕ್ ಹಾಕಿಸ್ಲೋ, ಮಾಮೂಲಿ ಹಾಕಿಸ್ಲೋ?"

ಆ ಕಡೆಯಿಂದ ಮೊದಲು ಉಸಿರು ಕೇಳಿಸಿತು, ಆಮೇಲೆ ಮಾತು. "ಏನು ಹಾಕ್ತಾರೆ ಅಂತ ಕೇಳಬೇಡ ಕಣೋ. ಎಷ್ಟು ದಿನಕ್ಕೊಂದ್ಸಲ ತೆಗೆದು ಚೆಲ್ಲಬೇಕು ಅಂತ ಕೇಳು. ನಾನು ಬದುಕಿರೋದು ಅದರಿಂದಲೇ." ಅಷ್ಟು ಹೇಳಿ ಲೈನು ಕಟ್ ಮಾಡಿದರು.

ಕಾಂಪೌಂಡರ್ ಮೆಕ್ಯಾನಿಕ್ಕನ ಕಡೆ ತಿರುಗಿ ಅದನ್ನೇ ಕೇಳಿದರು. ನಿಮ್ಮ ಓಡಾಟಕ್ಕೆ ಮಾಮೂಲಿಯಾದರೆ ಆರು ತಿಂಗಳಿಗೆ, ಸಿಂಥೆಟಿಕ್ಕಾದರೆ ವರ್ಷಕ್ಕೆ ಎಂದ ಅವನು. ತಾರೀಖು ಮರೆಯೋರು ಎರಡನೆಯದು ಹಾಕಿಸಿಕೊಂಡ್ರೆ ಒಳ್ಳೇದು ಎಂದು ಸೇರಿಸಿದ.

"ತಾರೀಖು ನಾನು ಮರೆಯೋನಲ್ಲ" ಎಂದು ಕಾಂಪೌಂಡರ್ ಮಾಮೂಲಿ ಡಬ್ಬಿಯನ್ನು ಅವನ ಕಡೆ ತಳ್ಳಿದರು. ಆದರೆ ಕೈಯನ್ನು ಡಬ್ಬಿಯಿಂದ ತೆಗೆಯಲಿಲ್ಲ. ನನ್ನ ಕಡೆ ನೋಡಿ, "ಸರಿ ತಾನೇ ಅಂಗಡಿಯವರೇ? ಈ ಕಾರಲ್ಲಿ ನಿಮ್ಮಕ್ಕ ಕೂತ್ಕೊಳ್ತಾರೆ ಅಂತ ಇಟ್ಕೊಂಡು ಹೇಳಿ" ಎಂದರು.

ಇಪ್ಪತ್ತಾರು ವರ್ಷದಲ್ಲಿ ಯಾವ ಪ್ರಶ್ನೆಗೂ ನನ್ನಲ್ಲಿ ಎರಡು ಉತ್ತರ ಸಿದ್ಧವಾಗಿರುತ್ತಿತ್ತು, ಸ್ಟಾಕು ನೋಡಿ ಒಂದನ್ನು ಕೊಡುತ್ತಿದ್ದೆ. ಅಂದು ಮಾತ್ರ "ನನಗೆ ಗೊತ್ತಿಲ್ಲ ಕಾಂಪೌಂಡರ್ರೇ" ಎಂದೆ.

ಅವರು ಡಬ್ಬಿಯಿಂದ ಕೈ ತೆಗೆದರು. ನೋಟುಬುಕ್ಕಿನಲ್ಲಿ ಇದನ್ನೂ ಬರೆದುಕೊಂಡರು.

ಶುಕ್ರವಾರ ಐದೂವರೆಗೆ ನನಗೆ ಅಂಗಡಿಯ ಮುಂದೆ ಯಾವ ಕೆಲಸವೂ ಇರಲಿಲ್ಲ, ಆದರೂ ಬಂದು ನಿಂತಿದ್ದೆ. ಕಾರು ಹಾದುಹೋಯಿತು, ಹಿಂದಿನ ರಸ್ತೆ ಚೆನ್ನಾಗಿ ಕಾಣಿಸುತ್ತಿತ್ತು. ಅಕ್ಕನಿಗೆ ಪೂರ್ತಿ ನಾಲ್ಕು ಗಂಟೆ ಸಿಕ್ಕಿತಂತೆ. ಹತ್ತೂವರೆಗೆ ಕಾರು ವಾಪಸು ಬಂದು ನನ್ನ ಅಂಗಡಿಯ ಮುಂದೆ ನಿಂತಿತು. ಕಾಂಪೌಂಡರ್ ಇಳಿಯುವ ಮೊದಲೇ ಹಿಂದಿನ ಗಾಜು ಇಳಿಯಿತು. ಅಕ್ಕನ ಮುಖ ಬಾಡಿತ್ತು, ಉಸಿರು ಮಾತ್ರ ಸಲೀಸಾಗಿತ್ತು.

"ನೋಡಪ್ಪ, ಈಗ ಟೈರಿಗೆ ಸಾದಾ ಗಾಳಿಯೋ, ನೈಟ್ರೋಜನ್ನೋ ಅಂತ ಶುರು ಮಾಡಿದಾನೆ. ನಿಂಗೆ ಗೊತ್ತಿಲ್ಲ ಅಂತ ಈಗಲೇ ಹೇಳಿಬಿಡು. ನಾನು ಮನೆಗೆ ಹೋಗಿ ಮಲಗಬೇಕು."

ಹೇಳಿಬಿಟ್ಟೆ.