ಮೇ ತಿಂಗಳವರೆಗೂ ಚಳಿಗಾಲ

ಎಣ್ಣೆಗೂ ಋತುಮಾನವಿದೆ ಎಂದು ತಿಳಿದ ದಿನ ನನಗಾದ ಆಘಾತ ಇವತ್ತಿಗೂ ಪೂರ್ತಿ ಇಳಿದಿಲ್ಲ. ದಾವಣಗೆರೆಯಲ್ಲಿ ಹುಟ್ಟಿ ಬೆಳೆದವನಿಗೆ ಎಣ್ಣೆಯೇನು ಹೊಸದೇ? ಶೇಂಗಾ ಎಣ್ಣೆಯಲ್ಲಿ ಮಿರ್ಚಿ ಕರಿಯುವ ವಾಸನೆ ಹಿಡಿದೇ ಶಾಲೆಯಿಂದ ಮನೆಯ ದಾರಿ ಕಂಡುಕೊಳ್ಳುತ್ತಿದ್ದೆ. ಆ ಎಣ್ಣೆ ಮಾಘದಲ್ಲೂ ಅದೇ, ವೈಶಾಖದಲ್ಲೂ ಅದೇ. ಮೋಟಾರು ಎಂಜಿನ್ ಮಾತ್ರ ಚಳಿಗಾಲಕ್ಕೆ ತೆಳುವಾದದ್ದು, ಬೇಸಿಗೆಗೆ ದಪ್ಪನೆಯದು ಬೇಕೆಂದು ಹೊಸ ಅಳಿಯನ ಹಾಗೆ ಹಟ ಹಿಡಿಯುತ್ತದೆ.

ನಮ್ಮಪ್ಪ ಮಂಡಿಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದರು. ಐವತ್ತರ ದಶಕದ ಕೊನೆಗೆ, ಊರು ಬಿಟ್ಟು ಹೊರಟಿದ್ದ ಅಧಿಕಾರಿಯೊಬ್ಬರಿಂದ ಹಳೆಯ ಇಂಗ್ಲಿಷ್ ಕಾರೊಂದನ್ನು ಕೊಂಡರು. ಅದರ ಬೆನ್ನಿಗೇ ಅದರ ಕೈಪಿಡಿಯೂ ಬಂತು. ಅಪ್ಪನಿಗೆ ಇಂಗ್ಲಿಷ್ ಬಾರದು. ನಾನು ಓದಿ ಅರ್ಥ ಹೇಳುವುದು, ಅವರು ಕಣ್ಣು ಮುಚ್ಚಿ ಪುರಾಣ ಕೇಳಿದಂತೆ ಕೇಳುವುದು. ಏಪ್ರಿಲ್ ಮುಗಿಯುವವರೆಗೆ ಚಳಿಗಾಲದ ತೆಳು ಎಣ್ಣೆ ಇರಲಿ, ಮೇ ತಿಂಗಳಿಂದ ಬೇಸಿಗೆಯ ದಪ್ಪ ಎಣ್ಣೆ ಹಾಕಿ ಎಂದು ಅದರಲ್ಲಿ ಬರೆದಿತ್ತು.

ಬರೆದವರು ಸುಳ್ಳು ಬರೆದಿರಲಿಲ್ಲ. ಅವರ ಊರಿನಲ್ಲಿ ಏಪ್ರಿಲ್‌ನಲ್ಲೂ ಜನ ಉಣ್ಣೆಯ ಕೋಟು ತೊಟ್ಟು ತಿರುಗುತ್ತಾರಂತೆ. ನಮ್ಮ ಸಂಕ್ರಾಂತಿಯ ಬೆಳಗನ್ನು ಅಲ್ಲಿಗೆ ಒಯ್ದರೆ ಅದನ್ನೇ ಬೇಸಿಗೆಯೆಂದು ಸಂಭ್ರಮಿಸುತ್ತಾರೇನೋ! ಇದೆಲ್ಲ ನನಗೆ ಆಮೇಲೆ ಹೊಳೆದದ್ದು. ಯುಗಾದಿ ಕಳೆದು, ರಸ್ತೆಯ ಟಾರು ಚಪ್ಪಲಿಗೆ ಅಂಟತೊಡಗಿದಾಗ, ಎಣ್ಣೆ ಬದಲಿಸೋಣವೇ ಎಂದು ಅಳುಕುತ್ತಲೇ ಕೇಳಿದೆ.

“ಗಾಡಿ ಮಾಡಿದೋರಿಗಿಂತ ನಿನಗೆ ಹೆಚ್ಚು ಗೊತ್ತೈತೇನು? ಮೇ ಬರ್ಲಿ,” ಎಂದರು ಅಪ್ಪ.

ಮೇ ಬರುವ ಮೊದಲೇ ನನಗೆ ಹೆಣ್ಣು ನೋಡುವ ಶಾಸ್ತ್ರ ಬಂತು. ಹುಡುಗಿ ಹರಿಹರದವಳು, ಹೆಸರು ಗಿರಿಜಾ. ಅವಳ ತಂದೆ ಭತ್ತದ ವ್ಯಾಪಾರಿ. ಮನೆ ಮುಂದೆ ಸ್ವಂತ ಲಾರಿ ನಿಲ್ಲುತ್ತದೆಂದು ತಿಳಿದ ಮೇಲೆ ಅಪ್ಪ ಬಸ್ಸಿನಲ್ಲಿ ಹೋಗಲು ಒಪ್ಪುವುದುಂಟೇ? ನಾನು ಕಾರು ನಡೆಸಿದೆ. ಪಕ್ಕದಲ್ಲಿ ಕರಿಕೋಟಿನ ಅಪ್ಪ, ಹಿಂದೆ ಹೂವು ಹಣ್ಣುಗಳ ಬುಟ್ಟಿ ಹಿಡಿದ ಅವ್ವ.

ಅರ್ಧ ದಾರಿ ದಾಟಿರಬೇಕು. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಮೆಲ್ಲಗೆ ಮಲಗಿಬಿಟ್ಟಿತು. ಮರುಗಳಿಗೆಯೇ ಎಂಜಿನ್ನಿನೊಳಗಿಂದ ಡಬಡಬ ಸದ್ದು, ಕೊನೆಗೊಂದು ಕರಕರ; ಕಾರು ನಿಂತೇಹೋಯಿತು. ಬಾನೆಟ್ ಎತ್ತಿ ಎಣ್ಣೆಯ ಕಡ್ಡಿ ಎಳೆದು ನೋಡಿದೆ. ಎಣ್ಣೆ ಬೆರಳಿಗೆ ಅಂಟಲೇ ಇಲ್ಲ, ಹೋಟೆಲಿನ ಚಹಾದ ಹಾಗೆ ಹರಿದುಹೋಯಿತು. ಅಪ್ಪ ಅದನ್ನು ನೋಡಿದರು, ನನ್ನನ್ನು ನೋಡಿದರು.

ಹರಿಹರ ತಲುಪಿದ್ದು ಹತ್ತಿ ಹೇರಿದ ಎತ್ತಿನ ಗಾಡಿಯಲ್ಲಿ. ಒಂದೇ ವಿಗ್ರಹದಲ್ಲಿ ಹರಿಯೂ ಹರನೂ ಹೊಂದಿಕೊಂಡು ನಿಂತ ಊರು ಅದು. ಒಂದೇ ಎಣ್ಣೆಯಲ್ಲಿ ಚಳಿಗಾಲವೂ ಬೇಸಿಗೆಯೂ ಹೊಂದಿಕೊಳ್ಳುವ ಕಾಲ ಮಾತ್ರ ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ.

ಹುಡುಗಿಯ ತಂದೆ ಗಾಬರಿಯಿಂದ ಎದ್ದು ಬಂದು ವಿಚಾರಿಸಿದರು. ಕೋಟಿನ ಮೇಲಿನ ಹತ್ತಿ ಕೊಡವುತ್ತ ಅಪ್ಪ, ಪೆಟ್ರೋಲಿಗೆ ಯಾರೋ ನೀರು ಬೆರೆಸಿದ್ದಾರೆಂದು ಹೇಳಿಬಿಟ್ಟರು. ನನಗೆ ದಿಗಿಲಾಯಿತು. ಅಪ್ಪನ ಬಾಯಲ್ಲಿ ಸುಳ್ಳು ಕೇಳಿದ್ದು ಅದೇ ಮೊದಲು. ತಲೆ ತಗ್ಗಿಸಿದೆ. ಅವ್ವ ಪಾಪ, ಒಳಗೆ ಯಾರೋ ಸುತ್ತಿಗೆ ಹಿಡಿದು ಬಡಿದಂತಾಯಿತೆಂದು ಸದ್ದನ್ನು ಬಣ್ಣಿಸಿದಳು. ಪೆಟ್ರೋಲಿಗೆ ನೀರು ಸೇರಿದರೆ ಅಂಥ ಸದ್ದು ಬಾರದೆಂದು ಬಲ್ಲ ಲಾರಿಯ ಯಜಮಾನರು ಒಮ್ಮೆ ಹುಬ್ಬೇರಿಸಿ, ಸಭ್ಯರಾದ್ದರಿಂದ ಸುಮ್ಮನಾದರು.

ಗಿರಿಜಾ ಅವಲಕ್ಕಿ ತಂದಿಟ್ಟು ಚಾಪೆಯ ಮೇಲೆ ಕೂತಳು. ಅವಳಿಗೆ ಪ್ರಶ್ನೆ ಕೇಳುವವರೂ ಅಪ್ಪನೇ, ನನ್ನ ಪರವಾಗಿ ಉತ್ತರ ಹೇಳುವವರೂ ಅಪ್ಪನೇ. ಕೊನೆಗೆ ಅವಳ ಅಜ್ಜಿ ಉಪಚಾರಕ್ಕೆಂಬಂತೆ, ನೀನೂ ಏನಾದರೂ ಕೇಳುವುದಿದ್ದರೆ ಕೇಳವ್ವ ಎಂದರು. ಹುಡುಗಿ ನಾಚಿ ತಲೆಯಾಡಿಸಬೇಕು, ಅಲ್ಲಿಗೆ ಮುಗಿಯಬೇಕು, ಪದ್ಧತಿ ಅದು. ಇವಳು ತಲೆಯೆತ್ತಿ ನೇರ ನನ್ನನ್ನೇ ನೋಡಿದಳು.

“ಗಾಡಿಗೆ ಯಾವ ಎಣ್ಣೆ ಹಾಕಿದ್ರಿ?”

ಅಜ್ಜಿಯ ಕೈಯಿಂದ ಎಲೆ ಅಡಿಕೆ ಜಾರಿತು. ಅವ್ವನ ಅವಲಕ್ಕಿ ಬಾಯಿಗೂ ತಟ್ಟೆಗೂ ನಡುವೆಯೇ ನಿಂತಿತು. ಅಪ್ಪನ ಕಣ್ಣು ನನ್ನ ಮೇಲಿತ್ತು, ನೋಡದೆಯೇ ಗೊತ್ತಾಗುತ್ತಿತ್ತು.

“ಚಳಿಗಾಲದ್ದುರಿ. ಬದಲಿಸಿರ್ಲಿಲ್ಲ,” ಎಂದೆ. ಆ ದನಿ ನನ್ನದೆಂದು ನನಗೇ ನಂಬಿಕೆಯಾಗಲಿಲ್ಲ.

ಆಮೇಲೆ ಅವಳ ತಂದೆ, ಶಿವರಾತ್ರಿ ಆಗುತ್ತಲೇ ತಾವು ಲಾರಿಗೆ ದಪ್ಪ ಎಣ್ಣೆ ಹಾಕಿಸುವುದಾಗಿ ಮೆಲುದನಿಯಲ್ಲಿ ಹೇಳಿ, ನಮ್ಮ ಕಾರನ್ನು ಎಳೆದೊಯ್ಯಲು ಅದೇ ಲಾರಿಯನ್ನು ಕಳಿಸಿದರು. ವಾಪಸ್ಸು ಬರುವಾಗ ಡ್ರೈವರನ ಪಕ್ಕ ಒತ್ತೊತ್ತಾಗಿ ಕೂತಿದ್ದೆವು. ಹುಡುಗಿಯ ನಾಲಿಗೆ ಉದ್ದವಾಯಿತೆಂದು ಅವ್ವ ಪಿಸುಗುಟ್ಟಿದಳು. ಅಪ್ಪ ಕೋಟಿಗೆ ಅಂಟಿದ್ದ ಹತ್ತಿ ಕೀಳುತ್ತಲೇ ಕೂತಿದ್ದರು. ಈ ಸಂಬಂಧ ಮುರಿಯಿತೆಂದು ನಾನು ತೀರ್ಮಾನಿಸಿಕೊಂಡೆ. ಅವಳನ್ನು ಎಷ್ಟು ಮೆಚ್ಚಿದ್ದೆನೆಂದು ಗೊತ್ತಾದದ್ದೂ ಆಗಲೇ.

ಮನೆಗೆ ಬಂದು ತಂಬಿಗೆ ನೀರು ಕುಡಿದು ಅಪ್ಪ ಅವ್ವನ ಕಡೆ ತಿರುಗಿದರು. “ಒಪ್ಪಿಗೆ ಐತೆ ಅಂತ ಹೇಳಿ ಕಳಿಸು. ಈ ಮನ್ಯಾಗೆ ನನ್ನ ಎದುರಿಗೆ ನಿಂತು ಕೇಳೋರು ಒಬ್ರು ಬೇಕು.”

ಅವ್ವ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ನನಗಂತೂ ಕಾರು ನಿಂತಾಗಲೂ ಅಷ್ಟು ದಂಗುಬಡಿದಿರಲಿಲ್ಲ.

ಮದುವೆಯಾಗಿ ಮೊದಲ ಬೇಸಿಗೆ ಹತ್ತಿರ ಬಂದಾಗ, ರಿಪೇರಿಯಾಗಿ ಬಂದಿದ್ದ ಕಾರಿಗೆ ಯಾವ ಎಣ್ಣೆ ತರಲಿ ಎಂದು ಬಹಳ ಭಕ್ತಿಯಿಂದ ಗಿರಿಜಾಳನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತನಗೆ ಎಣ್ಣೆಯ ವಿಚಾರವೇ ತಿಳಿಯದೆಂದೂ, ಅವತ್ತು ಅವ್ವ ಬಣ್ಣಿಸಿದಂಥ ಸದ್ದು ಬಂದರೆ ಮೊದಲು ಎಣ್ಣೆ ನೋಡಬೇಕೆಂದು ತನ್ನಪ್ಪ ಡ್ರೈವರನಿಗೆ ಹೇಳುತ್ತಿದ್ದದ್ದಷ್ಟೇ ಕಿವಿಗೆ ಬಿದ್ದಿತ್ತೆಂದೂ ಹೇಳಿದಳು.

“ಮತ್ತೆ ಅವತ್ತು ಯಾಕ ಕೇಳಿದೆ?”

ಅವಳು ಮೊರದಿಂದ ಕಣ್ಣೆತ್ತಲಿಲ್ಲ. “ಮಾವಾರು ಪೆಟ್ರೋಲು ಅಂದಾಗ ನೀವು ತಲೆ ತಗ್ಗಿಸಿದ್ದು ಬಾಗಿಲ ಸಂದಿಂದ ಕಾಣ್ತಿತ್ತು. ಅವರ ಮುಂದೆ ನಿಜ ಹೇಳ್ತೀರೋ ಇಲ್ಲೋ ನೋಡಬೇಕಿತ್ತು.”

ನಾನು ನಿಂತಲ್ಲೇ ನಿಂತೆ. ನಾನು ಹೆಣ್ಣು ನೋಡಲು ಹೋಗಿದ್ದೆನೆಂದೇ ಇಷ್ಟು ದಿನ ನಂಬಿಕೊಂಡಿದ್ದೆನಲ್ಲ! ನಾನೂ ಪೆಟ್ರೋಲು ಎಂದಿದ್ದರೆ ಏನಾಗುತ್ತಿತ್ತು? ಆ ಪ್ರಶ್ನೆ ನಾಲಿಗೆಯ ತುದಿಯವರೆಗೆ ಬಂತು. ಕೇಳಲು ಧೈರ್ಯವಾಗಲಿಲ್ಲ, ಇನ್ನೂ ಆಗಿಲ್ಲ.