ಕಡಲಾಚೆಯೂ ಮನೆಯ ಹೆಸರು ಕಾಯ್ದ ವಿಶಾಲಾಕ್ಷಮ್ಮನವರು

ಗಡಿ ದಾಟಿ ವ್ಯಾಪಾರ ಮಾಡುವ ಕಂಪನಿಗಳಿಗೆ ಕಾನೂನು ಹೇಳುವವರು ದೊಡ್ಡ ನಗರಗಳಲ್ಲಷ್ಟೇ ಸಿಗುತ್ತಾರೆಂಬ ನಂಬಿಕೆ ಕೊಡಗಿನಲ್ಲಿ ಬಹುಕಾಲ ಇತ್ತು. ಅದನ್ನು ಸದ್ದಿಲ್ಲದೆ ಸುಳ್ಳು ಮಾಡಿದವರು ಕುಶಾಲನಗರದ ವಕೀಲೆ ಶ್ರೀಮತಿ ವಿಶಾಲಾಕ್ಷಮ್ಮನವರು. ಕಾಫಿ, ಮೆಣಸು, ಜೇನನ್ನು ಪರದೇಶಕ್ಕೆ ಕಳಿಸುವ ಇಲ್ಲಿನ ಸಣ್ಣ ಕಂಪನಿಗಳಲ್ಲಿ ಅವರ ಮಾತು ಕೇಳದೆ ಕರಾರಿಗೆ ಸಹಿ ಹಾಕಿದವು ಕಡಿಮೆ. ಹಾಗೆ ಹಾಕಿ ಆಮೇಲೆ ಅವರ ಬಳಿ ಓಡಿ ಬಂದವೂ ಉಂಟು.

ಶನಿವಾರಸಂತೆಯ ಏಲಕ್ಕಿ ವರ್ತಕರ ಮನೆಯಲ್ಲಿ ಹುಟ್ಟಿದ ವಿಶಾಲಾಕ್ಷಮ್ಮನವರು ಮೈಸೂರಿನಲ್ಲಿ ಕಾನೂನು ಓದಿ, ಸೋಮವಾರಪೇಟೆಯ ನ್ಯಾಯಾಲಯದಲ್ಲಿ ಕೆಲವು ಕಾಲ ಜಮೀನು ವ್ಯಾಜ್ಯಗಳನ್ನು ನಡೆಸಿದರು. ಮುಂದೆ ಮಂಗಳೂರಿನ ರಫ್ತು ಸಂಸ್ಥೆಯೊಂದರಲ್ಲಿ ಸಲಹೆಗಾರರಾಗಿದ್ದು, ಹೊರದೇಶಗಳ ಕರಾರುಗಳ ಒಳಸುಳಿಗಳನ್ನು ಕಲಿತು, ಕುಶಾಲನಗರಕ್ಕೆ ಬಂದು ಕಚೇರಿ ತೆರೆದರು. ಕರಾರಿನ ಒಂದೊಂದು ಅಂಶವನ್ನೂ ಕಕ್ಷಿದಾರರ ಬಾಯಿಂದಲೇ ಕನ್ನಡದಲ್ಲಿ ಹೇಳಿಸದೆ ಅವರು ಮುಂದಿನ ಪುಟಕ್ಕೆ ಹೋಗುತ್ತಿರಲಿಲ್ಲ. ಈ ನಿಧಾನಕ್ಕೆ ಬೇಸತ್ತು ಅರ್ಧಕ್ಕೇ ಎದ್ದುಹೋದವರಿದ್ದಾರೆ. ಅವರನ್ನು ಮೇಡಂ ಕರೆದು ಕೂರಿಸಿದ್ದಿಲ್ಲ, ತಿರುಗಿ ಬಂದಾಗ ಚುಚ್ಚಿದ್ದೂ ಇಲ್ಲ.

ಈ ನಿಧಾನದ ಬೆಲೆಯನ್ನು ಚೆನ್ನಾಗಿ ಬಲ್ಲವರು ತೇಜಸ್ವಿನಿ. ಅವರ ಅತ್ತೆ ಚಲುವಮ್ಮ ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆಸಿದವರು. ಮನೆಯಲ್ಲೇ ಹುರಿದು ಮಾರುತ್ತಿದ್ದ ಅವರ ಕಾಫಿಪುಡಿಯನ್ನು ಮಗ ಶಶಿಕುಮಾರ್ ಮತ್ತು ಸೊಸೆ ತೇಜಸ್ವಿನಿ ಕಂಪನಿಯಾಗಿ ಬೆಳೆಸಿದರು. ಪೊಟ್ಟಣದ ಮೇಲೆ ಅತ್ತೆಯ ಹೆಸರು, ಸೆರಗು ಹೊದ್ದ ಅವರದೇ ಮುಖ. ಗಲ್ಫ್‌ನ ವರ್ತಕರೊಬ್ಬರು ಮನೆಗೆ ಬಂದು, ಉಂಡು, ತಮ್ಮ ದೇಶದಲ್ಲೆಲ್ಲ ಈ ಪುಡಿ ಮಾರುವುದಾಗಿ ಹೇಳಿದರು. ಶಶಿಕುಮಾರ್ ಒಪ್ಪಿಗೆಯ ಗುರುತಾಗಿ ವೀಳ್ಯ ಕೊಟ್ಟು ಕಳಿಸಿದರು. ಕೆಲ ದಿನಗಳಲ್ಲೇ ಕರಾರು ಬಂತು.

ತೇಜಸ್ವಿನಿ ಅದನ್ನು ಹಿಡಿದು ಬಂದಾಗ ಅವರ ತೊಡೆಯ ಮೇಲೆ ಜ್ವರದ ಮಗುವಿತ್ತು. ಮೇಡಂ ಇನ್ನೊಂದು ದಿನ ಬನ್ನಿ ಎನ್ನಲಿಲ್ಲ. ಗಂಜಿ ತರಿಸಿ, ಮಗುವನ್ನು ಬೆಂಚಿನ ಮೇಲೆ ಮಲಗಿಸಿ, ಓದಿಸತೊಡಗಿದರು. ಒಂದು ಕಡೆ ತೇಜಸ್ವಿನಿಯ ಮಾತು ನಿಂತಿತು. ಆ ದೇಶದಲ್ಲಿ ಪೊಟ್ಟಣದ ಹೆಸರನ್ನೂ ಚಿತ್ರವನ್ನೂ ವರ್ತಕರು ತಮ್ಮ ಹೆಸರಿಗೆ ನೋಂದಾಯಿಸಿಕೊಳ್ಳಬಹುದು ಎಂದಿತ್ತು.

ಮಾರನೆಯ ದಿನ ಗಂಡ, ಹೆಂಡತಿ, ಅತ್ತೆ ಮೂವರೂ ಬಂದರು. ಶಶಿಕುಮಾರರದು ಬೇರೆಯೇ ಸಂಕಟ. "ವೀಳ್ಯ ಕೊಟ್ಟಾಗದೆ ಮೇಡಂ. ಈಗ ತಿದ್ದಿ ಅಂದ್ರೆ ಮಾತಿಗೆ ತಪ್ದಂಗಾಗಲ್ವಾ?"

"ವೀಳ್ಯ ಕೊಟ್ಟ ಮೇಲೇ ತಾನೆ ಲಗ್ನಪತ್ರಿಕೆ ಬರೆಯೋದು? ಬರೆಯುವಾಗ ಹೆಸರು ಸರಿ ಇದೆಯಾ ಅಂತ ನೋಡಿದ್ರೆ ಯಾರ ಮಾತೂ ತಪ್ಪಲ್ಲ."

"ಬೀಗರು ಮುನಿಸ್ಕೊಂಡ್ರೆ?"

"ಮುನಿಸ್ಕೊಳ್ಳೋ ಬೀಗರು ಮದುವೆಗೆ ಮುಂಚೆನೇ ಮುನಿಸ್ಕೊಳ್ಳಲಿ ಬಿಡಿ."

ಆಮೇಲೆ ಮೇಡಂ ಚಲುವಮ್ಮನವರ ಕಡೆ ತಿರುಗಿ, ಒಂದು ದೇಶದ ನೋಂದಣಿ ಇನ್ನೊಂದು ದೇಶದಲ್ಲಿ ನಡೆಯುವುದಿಲ್ಲ, ಅಲ್ಲಿ ಯಾರು ನೋಂದಾಯಿಸಿದರೋ ಹೆಸರು ಅಲ್ಲಿ ಅವರದೇ ಎಂಬುದನ್ನು ಬಿಡಿಸಿ ಹೇಳಿದರು.

"ಅಂಗಾರೆ ನಾಳೆ ನಾವೇ ಅಲ್ಲಿಗೋಗಿ ನನ್ ಹೆಸ್ರಲ್ಲಿ ಪುಡಿ ಮಾರುದ್ರೆ?" ಎಂದರು ಚಲುವಮ್ಮ.

"ನೀವೇ ಕಳ್ಳರಾಗ್ತೀರಿ, ಅಮ್ಮ."

ಚಲುವಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಈ ಹೆಸ್ರಿಟ್ಟಿದ್ದು ನಮ್ಮಪ್ಪ. ಆವಯ್ಯನೇ ಎದ್ದು ಬಂದು ಕೇಳುದ್ರೂ ನಾನು ವಾಪಸ್ ಕೊಡಾಕಿಲ್ಲ ಕಣವ್ವ."

ವರ್ತಕರಿಗೆ ಉತ್ತರ ಬರೆಯಲು ಹೊರಟ ಶಶಿಕುಮಾರರನ್ನು ಮೇಡಂ ತಡೆದರು. ಮೊದಲು ಆ ದೇಶದ ಪರಿಚಿತ ವಕೀಲರ ಮೂಲಕ ಕಂಪನಿಯ ಪರವಾಗಿ ಹೆಸರಿನ ನೋಂದಣಿಗೆ ಅರ್ಜಿ ಹಾಕಿಸಿದರು. ಅರ್ಜಿ ಸೇರಿತೆಂದು ಖಚಿತವಾದ ಮೇಲಷ್ಟೇ ತಿದ್ದುಪಡಿ ಕೇಳುವ ಪತ್ರ ಹೋಯಿತು. ವರ್ತಕರು ಉತ್ತರಿಸಲಿಲ್ಲ, ಫೋನೂ ಎತ್ತಲಿಲ್ಲ. ಅವರನ್ನೇ ನಂಬಿ ತಂದ ಹುರಿಯುವ ಹೊಸ ಯಂತ್ರ ಮಳೆಗಾಲವಿಡೀ ಮುಸುಕು ಹಾಕಿಕೊಂಡು ನಿಂತಿತು. ಶಶಿಕುಮಾರ್ ಮೇಡಂ ಎದುರಾದರೆ ರಸ್ತೆಯ ಆಚೆ ಬದಿಗೆ ಸರಿಯತೊಡಗಿದರು. ಅರ್ಜಿಯನ್ನು ಕೈಬಿಡೋಣವೆಂದೂ ಅಂದರು. ಆಗ ಮೇಡಂ ತೇಜಸ್ವಿನಿಗೆ ಫೋನ್ ಮಾಡಿದರು: "ನಿಮ್ಮ ಮನೆಯವರ ಸಿಟ್ಟು ನನ್ನ ಮೇಲಿರಲಿ, ತಪ್ಪಿಲ್ಲ. ಅರ್ಜಿ ಮಾತ್ರ ಬಿಡಬೇಡಿ. ನನ್ನ ಫೀಸು ಯಂತ್ರ ತಿರುಗಿದ ಮೇಲೆ ನೋಡೋಣ." ತೇಜಸ್ವಿನಿ ಬಿಡಲಿಲ್ಲ.

ಮಳೆ ಹಿಂದಾಗುವ ಹೊತ್ತಿಗೆ ಆ ದೇಶದಿಂದ ಸುದ್ದಿ ಬಂತು. ಅದೇ ಹೆಸರು, ಅದೇ ಚಿತ್ರಕ್ಕೆ ವರ್ತಕರೂ ಅರ್ಜಿ ಹಾಕಿದ್ದರು. ಕುಶಾಲನಗರದ್ದು ಮೊದಲು ಸೇರಿದ್ದರಿಂದ ಅವರದು ತಿರಸ್ಕೃತವಾಗಿತ್ತು. ಸುದ್ದಿ ಕೇಳಿದ ಶಶಿಕುಮಾರ್ ನೇರ ಕಚೇರಿಗೆ ಬಂದು ಬಾಗಿಲಲ್ಲೇ ನಿಂತರು. ಮೇಡಂ ತಲೆಯೆತ್ತಿ, "ಒಳಗೆ ಬನ್ನಿ, ರಸ್ತೆಯ ಆಚೆ ಬದಿ ಬಿಸಿಲು ಜಾಸ್ತಿ" ಎಂದಷ್ಟೇ ಹೇಳಿದರಂತೆ.

ಕೊನೆಗೆ ಆ ವರ್ತಕರೇ ಮತ್ತೆ ಬಂದರು. ಅವರಿಗೊಂದು ಪಾಠ ಕಲಿಸಬೇಕೆಂದಿದ್ದ ಶಶಿಕುಮಾರರನ್ನು ಸುಮ್ಮನಿರಿಸಿ, ಮೇಡಂ ಹೊಸ ಕರಾರು ಬರೆದರು: ಹೆಸರು ಮನೆಯವರದು, ಅದನ್ನು ಬಳಸಲು ವರ್ತಕರಿಗೆ ವರ್ಷದಿಂದ ವರ್ಷಕ್ಕೆ ಅನುಮತಿ, ಒಡಂಬಡಿಕೆ ಮುರಿದರೆ ಹೊರಬರುವ ದಾರಿ. ವ್ಯಾಪಾರ ಇಂದಿಗೂ ನಡೆದಿದೆ. ಹೋದ ತಿಂಗಳು ಇನ್ನೊಂದು ದೇಶದ ಕರಾರು ಬಂದಾಗ, ತೇಜಸ್ವಿನಿ ಒಲೆಯ ಮೇಲೆ ಬೇಳೆಯಿಟ್ಟು, ಅಡುಗೆಮನೆಯ ಕಟ್ಟೆಗೊರಗಿ, ಅದನ್ನು ತಾವೇ ಕನ್ನಡದಲ್ಲಿ ಹೇಳಿಕೊಳ್ಳುತ್ತಾ ಓದಿದರು. ತೊಡಕೆನಿಸಿದ ಎರಡು ಕಡೆ ಗುರುತು ಹಾಕಿ ಮೇಡಂಗೆ ತೋರಿಸಿದರು. ಮೇಡಂ ಮೂರನೆಯದೊಂದನ್ನು ತೋರಿಸಿ, "ಇನ್ನು ನಾನು ನಿಶ್ಚಿಂತೆಯಿಂದ ಮನೆಗೆ ಹೋಗಬಹುದು" ಎಂದರು.

ಮೇಡಂ ವಕೀಲಿಕೆಯಿಂದ ನಿವೃತ್ತರಾಗುತ್ತಿರುವ ವಿಷಯ ಕಿವಿಗೆ ಬಿದ್ದಾಗ ಚಲುವಮ್ಮ ಮಾತ್ರ ಒಪ್ಪಲಿಲ್ಲ. "ಕೋರ್ಟಿಂದ ರಿಟೈರಾಗ್ಲಿ. ನಮ್ಮಿಂದ ಆಗಾಕೆ ನಾವು ಬುಟ್ಟೇವಾ?"

ಸಣ್ಣ ಉದ್ಯಮಿಗಳಿಗಾಗಿ ಕನ್ನಡದಲ್ಲೊಂದು ಕಾನೂನು ಕೈಪಿಡಿ ಬರೆಯಲು ವಿಶಾಲಾಕ್ಷಮ್ಮನವರು ತೊಡಗಿದ್ದಾರೆ. ಅದನ್ನು ಮುಗಿಸುವಷ್ಟು ಬಿಡುವು, ಮುಗಿದ ಮೇಲೆ ಮತ್ತೊಂದನ್ನು ಹಿಡಿಯುವಷ್ಟು ಉತ್ಸಾಹ, ಕಣ್ಣಿಗೆ ಬೆಳಕು, ಮೊಣಕಾಲಿಗೆ ಬಲ ಅವರಿಗಿರಲಿ. ನೂರು ವರ್ಷ ಬಾಳಲಿ; ಚಲುವಮ್ಮನಂಥವರು ಅಷ್ಟು ವರ್ಷವೂ ಅವರನ್ನು ಸುಮ್ಮನೆ ಕೂರಲು ಬಿಡದಿರಲಿ.