ಗುಳ್ಳೆ ಬಂದರೂ ಹರಿಯದ ನೀರು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಗಂಡನದು ಊರೂರು ತಿರುಗುವ ಕೆಲಸ. ಅತ್ತಾವರದ ಬಾಡಿಗೆ ಮನೆಯಲ್ಲಿ ಹೆಚ್ಚಾಗಿ ಅತ್ತೆ ಮತ್ತು ನಾನು. ಮನೆಯ ಮುಂಭಾಗದ ಚಾವಡಿಯಲ್ಲಿ ಒಂದು ಗಾಜಿನ ತೊಟ್ಟಿ ಇತ್ತು. ದೋಣಿ ಕಟ್ಟುವ ಆಚಾರಿಯೊಬ್ಬರು ಸಾಗುವಾನಿಯ ಚೌಕಟ್ಟು ಹಾಕಿ ಮಾಡಿಕೊಟ್ಟದ್ದು. ಅದರಲ್ಲಿ ಸಮುದ್ರದ ನೀರು, ಸೋಮೇಶ್ವರದ ಕಡಲತೀರದ ಬಂಡೆಗಳ ನಡುವೆ ನಾನೇ ಹಿಡಿದ ಮೂರು ಪಟ್ಟೆಮೀನುಗಳು. ಅತ್ತೆ ನಗುತ್ತಿದ್ದರು: "ಇದು ಒಂದು ಹೊತ್ತಿನ ಸಾರಿಗೂ ಸಾಲದು ಮಾರಾಯ್ತಿ."

ಸಮುದ್ರದ ಮೀನು ಬದುಕಬೇಕಾದರೆ ನೀರು ಓಡಾಡುತ್ತಿರಬೇಕು. ಅದಕ್ಕೆ ಬೇಕಾದ ಯಂತ್ರ ನನಗೆಲ್ಲೂ ಸಿಗಲಿಲ್ಲ. ರಸ್ತೆ ಬದಿಯ ಸೈಕಲ್ ಶಾಪಿನ ಯಜಮಾನ ಬ್ಯಾರಿ ಕಾಕ ಹಳೆಯ ಲಾರಿ ಟ್ಯೂಬೊಂದನ್ನು ಕೊಟ್ಟರು. ಅದಕ್ಕೆ ಗಾಳಿ ಹೊಡೆದಿಟ್ಟರೆ ಸಪೂರ ರಬ್ಬರ್ ನಳಿಗೆಯಲ್ಲಿ ಗಾಳಿ ಹೋಗಿ, ತೊಟ್ಟಿಯೊಳಗೆ ನಿಲ್ಲಿಸಿದ ಗಾಜಿನ ಕೊಳವೆಯಲ್ಲಿ ಗುಳ್ಳೆಯಾಗಿ ಏಳುತ್ತಿತ್ತು. ಗುಳ್ಳೆಗಳು ನೀರನ್ನೂ ಮೇಲಕ್ಕೆ ಹೊತ್ತು ತಂದು, ತೊಟ್ಟಿಯ ಮೇಲಿಟ್ಟ ಮರಳು ತುಂಬಿದ ಕುಡಿಕೆಗೆ ಸುರಿಯುತ್ತಿದ್ದವು. ಸೋಸಿದ ನೀರು ಮತ್ತೆ ತೊಟ್ಟಿಗೆ ಇಳಿಯುತ್ತಿತ್ತು.

ಮಾರ್ಚ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದು ನೋಡಿದರೆ ಮೂರೂ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಕುಡಿಕೆಗೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಗುಳ್ಳೆ ಏಳುತ್ತಿದೆಯೇ ಎಂದೂ ನೋಡದೆ, ಟ್ಯೂಬಿನ ಗಾಳಿ ಹೋಗಿರಬೇಕೆಂದುಕೊಂಡೆ. ಸೀರೆ ಬದಲಿಸದೆ ಟ್ಯೂಬನ್ನು ಕಾಕನ ಅಂಗಡಿಗೆ ಉರುಳಿಸಿಕೊಂಡು ಹೋದೆ.

"ಎಂತ ಟೀಚರ್, ಪಂಕ್ಚರಾ?" ಎನ್ನುತ್ತ ಅವರು ಟ್ಯೂಬನ್ನು ಸುತ್ತಲೂ ನೀರಿನಲ್ಲಿ ಅದ್ದಿ ನೋಡಿದರು. "ಇದಕ್ಕೆ ಏನೂ ಆಗ್ಲಿಲ್ಲ. ನಡೀರಿ, ನಾನೇ ಬರ್ತೇನೆ."

ಮನೆಯಲ್ಲಿ ಟ್ಯೂಬನ್ನು ಮತ್ತೆ ಜೋಡಿಸಿದಾಗ ಗುಳ್ಳೆ ಚೆನ್ನಾಗಿಯೇ ಎದ್ದಿತು. ನೀರು ಮಾತ್ರ ಕೊಳವೆಯ ಬಾಯಿಯವರೆಗೆ ಬಂದಂತೆ ಮಾಡಿ ಕೆಳಗೆ ಜಾರುತ್ತಿತ್ತು. ಕಾಕ ನಳಿಗೆ ಊದಿದರು. ನಾನು ಕೊಳವೆಯೊಳಗಿನ ಲೋಳೆ ಉಜ್ಜಿ ತೆಗೆದೆ. ಪ್ರಯೋಜನವಾಗಲಿಲ್ಲ.

ಅಷ್ಟರಲ್ಲಿ ಚಹಾ ತಂದ ಅತ್ತೆ ಗಾಜಿನ ಮೇಲಿನ ಉಪ್ಪಿನ ಬಿಳಿ ಗೆರೆಯನ್ನು ತೋರಿಸಿದರು. "ನೀರು ಇಲ್ಲಿವರೆಗೆ ಇತ್ತಲ್ಲ? ಈಗ ನಾಲ್ಕು ಬೆರಳು ಕೆಳಗೆ ಉಂಟು."

ಸೆಕೆಗೆ ನೀರು ಆರಿಹೋಗಿತ್ತು. ಮಟ್ಟ ಇಳಿದದ್ದರಿಂದ ಗುಳ್ಳೆಗಳಿಗೆ ಅಷ್ಟು ಎತ್ತರಕ್ಕೆ ನೀರು ಹೊರಲು ಆಗುತ್ತಿರಲಿಲ್ಲ. ಅದೇ ವಾರ ಎಂಟನೇ ಕ್ಲಾಸಿಗೆ ನಾನು ಆವಿಯಾಗುವುದರ ಪಾಠ ಮಾಡಿದ್ದೆ! ನಾಚಿಕೆಯಿಂದ ಸಮುದ್ರದ ನೀರು ತುಂಬಿಟ್ಟಿದ್ದ ಭರಣಿಯನ್ನು ಎತ್ತಿಕೊಂಡೆ.

ಅತ್ತೆ ತಡೆದರು. "ಗಂಜಿ ಬತ್ತಿದರೆ ಬಿಸಿನೀರು ಹಾಕ್ತೇವೆ, ಪುನಃ ಉಪ್ಪು ಹಾಕ್ತೇವಾ?"

ಅವರು ಹೇಳಿದ್ದು ಸರಿ. ಆರಿದ್ದು ನೀರು ಮಾತ್ರ, ಉಪ್ಪು ಒಳಗೇ ಇತ್ತು. ಬಾವಿಯ ನೀರು ಸೇದಿ ತಂದು ಚೆಂಬಿನಲ್ಲಿ ಸ್ವಲ್ಪ ಸ್ವಲ್ಪವೇ ಹೊಯ್ದೆ. ಮಟ್ಟ ಬಿಳಿ ಗೆರೆಯ ಹತ್ತಿರ ಬರುತ್ತಿದ್ದಂತೆ ಕೊಳವೆ ಒಮ್ಮೆ ಕೆಮ್ಮಿ, ಕುಡಿಕೆಗೆ ನೀರು ಸುರಿಯತೊಡಗಿತು.

"ಶಾಬಾಷ್ ಅಮ್ಮ!" ಎಂದರು ಕಾಕ, ಅತ್ತೆಯ ಕಡೆ ತಿರುಗಿ.

ಚಹಾ ಆರಿತ್ತು. ಮೂವರೂ ಅದನ್ನೇ ಕುಡಿಯುತ್ತ ತೊಟ್ಟಿಯ ಮುಂದೆ ಕುಳಿತೆವು. ಸಂಜೆಯ ಹೊತ್ತಿಗೆ ಮೀನುಗಳು ಒಂದೊಂದಾಗಿ ಕಲ್ಲಿನ ಸಂದಿಗೆ ಇಳಿದವು. ಆಮೇಲೆ ಅವು ಇನ್ನೂ ಎರಡು ಮಳೆಗಾಲ ನಮ್ಮ ಚಾವಡಿಯಲ್ಲೇ ಕಳೆದವು. ದೊಡ್ಡ ಮೀನಿಗೆ ಅತ್ತೆ ಒಂದು ಹೆಸರನ್ನೂ ಇಟ್ಟಿದ್ದರು. ನನ್ನ ಗಂಡನನ್ನು ಚಿಕ್ಕವನಿದ್ದಾಗ ಕರೆಯುತ್ತಿದ್ದ ಹೆಸರು.